ಕೆನ್ನೆಗೆ ಹೆಚ್ಚಾದ ತುಪ್ಪ

ನನ್ನ ಮೊಮ್ಮಗಳ ಕೆನ್ನೆ ಸಮವಾಯಿತು! ಎರಡೂ ಕೆನ್ನೆ ಈಗ ಒಂದೇ ಅಳತೆ. ಇವತ್ತು ಬೆಳಿಗ್ಗೆ ಮೈಸೂರಿನ ಡಾಕ್ಟರಮ್ಮ ಅವಳ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಗಲ್ಲ ಎತ್ತಿ ನೋಡಿದರು, ನಗಿಸಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿಕೊಂಡು, "ಆಯ್ತಮ್ಮ, ಇನ್ನು ನೀನು ಇಲ್ಲಿಗೆ ಬರೋದು ಬೇಡ" ಎಂದರು. ಬರಬೇಡ ಎಂದು ಹೇಳಿಸಿಕೊಂಡು ನಾನು ಇಷ್ಟು ಸಂತೋಷಪಟ್ಟಿದ್ದು ಜನ್ಮದಲ್ಲೇ ಇಲ್ಲ. ಎದ್ದು ಹೋಗಿ ಆಯಮ್ಮನ ಎರಡೂ ಕೈ ಹಿಡಿದುಕೊಂಡೆ. ಏನೇನು ಅಂದೆನೋ ನೆನಪಿಲ್ಲ. ಅವರೇ ನನ್ನನ್ನು ಹಿಡಿದು ಕೂರಿಸಿ ನೀರು ಕೊಟ್ಟರು.

ಬರುವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಆಸ್ಪತ್ರೆಯ ಬಾಗಿಲು ಕಾಯುವವನಿಗೆ ಹೇಳಿದೆ. ಸ್ಟೇಷನ್ನಿನಲ್ಲಿ ಸೌತೆಕಾಯಿ ಮಾರುವವಳಿಗೆ ಹೇಳಿದೆ. ರೈಲಿನಲ್ಲಿ ಎದುರು ಕೂತಿದ್ದ ಶ್ರೀರಂಗಪಟ್ಟಣದ ಹೆಂಗಸಿಗೂ ಹೇಳಿದೆ. ಅವಳು ಮೊಮ್ಮಗಳ ಮುಖವನ್ನೇ ದಿಟ್ಟಿಸಿ ನೋಡಿ, "ಯಾವ ಕೆನ್ನೆ ಕಣಕ್ಕ?" ಎಂದು ಕೇಳಿದಳು.

ಯಾವ ಕೆನ್ನೆ ಎಂದು ಅವಳಿಗೆ ಗೊತ್ತಾಗಲಿಲ್ಲ!

"ನೀನೇ ಹೇಳು ನೋಡವಾ" ಅಂದೆ.

ಅವಳು ಬಲಗೆನ್ನೆ ತೋರಿಸಿದಳು. ತಪ್ಪು! ನನಗೆ ಸೀಟಿನ ಮೇಲೆ ಹತ್ತಿ ಕುಣಿಯಬೇಕು ಅನ್ನಿಸಿತು. ಮೊಮ್ಮಗಳು ಮೊಣಕೈಯಲ್ಲಿ ತಿವಿದು, "ಅಜ್ಜಿ, ಒಸಿ ಸುಮ್ಕಿರು, ಎಲ್ರೂ ನೋಡ್ತಾವ್ರೆ" ಅಂದಳು.

"ನೋಡ್ಲಿ ಬುಡು. ಇಷ್ಟ್ ದಿನ ನೋಡ್ಬಾರ್ದು ಅಂತ ಕುಂತಿದ್ದಾಯ್ತಲ್ಲ."

ನಮ್ಮದು ಪಾಂಡವಪುರ ತಾಲ್ಲೂಕು, ಕ್ಯಾತನಹಳ್ಳಿ ಮಗ್ಗುಲ ಊರು. ನನ್ನ ತವರು ನಾಗಮಂಗಲದ ಕಡೆ ಹೊಣಕೆರೆ. ಮೂರನೇ ಕ್ಲಾಸಿನವರೆಗೆ ಅಲ್ಲೇ ಓದಿದೆ, ಆಮೇಲೆ ದನ ಕಾಯಲು ಬಿಟ್ಟರು. ಮನೆಯಲ್ಲಿ ನಾವು ಐದು ಜನ: ನಾನು, ನಮ್ಮ ಯಜಮಾನರು, ಮಗ, ಸೊಸೆ, ಈ ಮೊಮ್ಮಗಳು.

ಅವಳಿಗೆ ಏಳು ವರ್ಷವಿದ್ದಾಗ ಎಡಗಡೆಯ ದವಡೆ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿಕೊಂಡು ಮುಖ ಊದಿತು. ನಾವು ಸೊಪ್ಪು ಅರೆದು ಕಟ್ಟಿ ಮೂರು ದಿನ ಕಳೆದೆವು. ಜ್ವರ ನೆತ್ತಿಗೇರಿದ ಮೇಲೆ ಪಾಂಡವಪುರಕ್ಕೆ ಎತ್ತಿಕೊಂಡು ಓಡಿದೆವು. ಅಲ್ಲಿ ಕೆನ್ನೆ ಕುಯ್ದು ಕೀವು ತೆಗೆದರು, ಮಗು ಉಳಿಯಿತು. ಆದರೆ ಅವಳು ಬೆಳೆಯುತ್ತಾ ಹೋದ ಹಾಗೆ ಆ ಕೆನ್ನೆ ಮಾತ್ರ ಬೆಳೆಯಲಿಲ್ಲ. ಒಳಕ್ಕೆ ಕುಸಿದು ಸೌಟಿನ ಹಳ್ಳದಷ್ಟು ಗುಳಿಯಾಯಿತು. ನಾನು ದಿನಾ ಸಂಜೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ವರ್ಷಗಟ್ಟಲೆ ತಿಕ್ಕಿದೆ. ಎಣ್ಣೆ ಖರ್ಚಾಯಿತು, ಗುಳಿ ತುಂಬಲಿಲ್ಲ.

ಅವಳು ನಗುವಾಗ ಎಡಗೈ ತಾನಾಗಿಯೇ ಮೇಲೇಳುತ್ತಿತ್ತು. ಮದುವೆ ಮನೆಯ ಫೋಟೋಗಳಲ್ಲೆಲ್ಲ ಅವಳದು ಅರ್ಧ ಮುಖ. ಊಟಕ್ಕೆ ನಾವು ನಡುಮನೆಯಲ್ಲಿ ಸಾಲಾಗಿ ನೆಲದ ಮೇಲೆ ಕೂರುತ್ತೇವೆ. ಅವಳು ಯಾವಾಗಲೂ ಸಾಲಿನ ಎಡತುದಿಗೆ, ಎಡಗೆನ್ನೆಯನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದಳು. ಅಲ್ಲೇ ಕೂರು ಎಂದು ಯಾರೂ ಹೇಳಿದ್ದಲ್ಲ. ಆ ಜಾಗ ಅವಳದು ಎಂದು ನಮಗೆಲ್ಲ ಗೊತ್ತಿತ್ತು, ಅಷ್ಟೆ. ತಲೆ ಆನಿಸಿ ಆನಿಸಿ ಆ ಗೋಡೆಯಲ್ಲಿ ಅಂಗೈ ಅಗಲ ಎಣ್ಣೆ ಕಲೆ ಮೂಡಿತ್ತು. ಸುಣ್ಣ ಬಳಿದರೂ ಮೂರು ತಿಂಗಳಿಗೆ ಮತ್ತೆ ಬರುತ್ತಿತ್ತು.

ಓದು ಮುಗಿಸಿ ನಮ್ಮೂರ ಹಾಲಿನ ಡೈರಿಯಲ್ಲೇ ಕೆಲಸಕ್ಕೆ ಸೇರಿದಳು. ತಂದವರ ಹಾಲನ್ನು ಮಿಷನ್ನಿಗೆ ಇಟ್ಟು ಫ್ಯಾಟು ಎಷ್ಟು ಎಂದು ಹೇಳುವುದು ಅವಳ ಕೆಲಸ. ಒಂದು ದಿನ ಊಟದ ಹೊತ್ತಿಗೆ, ಮೈಸೂರಿಗೆ ಹೋಗಿ ಕೆನ್ನೆ ತೋರಿಸಿಕೊಂಡು ಬಂದೆ, ಆಪರೇಷನ್ ಮಾಡಿದರೆ ತುಂಬುತ್ತದಂತೆ ಎಂದಳು. ಎಲ್ಲರೂ ಬಾಯಲ್ಲಿದ್ದ ಮುದ್ದೆ ನುಂಗಿದೆವು.

"ಯಾಕಮ್ಮಿ, ಮದ್ವೆಗಾ?" ಎಂದು ಯಜಮಾನರು ಕೇಳಿದರು.

"ಮದ್ವೆಗಲ್ಲ ತಾತ. ಕೈ ಅಡ್ಡ ಇಟ್ಕಳ್ದೆ ಒಂದ್ಸಲ ನಗ್ಬೇಕು, ಅಷ್ಟೇಯ."

ಆಮೇಲೆ ಯಾರೂ ಬೇಡ ಅನ್ನಲಿಲ್ಲ.

ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಸಣ್ಣ ಕೊಳವೆಯಲ್ಲಿ ತೆಗೆದು, ಶುದ್ಧ ಮಾಡಿ, ಕೆನ್ನೆಯ ಗುಳಿಯೊಳಕ್ಕೆ ಇಷ್ಟಿಷ್ಟೇ ತುಂಬುತ್ತಾರಂತೆ. "ಅವಳದೇ ಫ್ಯಾಟು, ಅವಳಿಗೇ" ಎಂದರು. ಫ್ಯಾಟು ನಮಗೆ ಹೊಸ ಮಾತಲ್ಲ. ಹಾಲು ಹಾಕುವ ಮನೆಯವರು ನಾವು. ಫ್ಯಾಟು ಜಾಸ್ತಿ ಬಂದ ದಿನ ಹಸುವಿನ ಗಂಗೆದೊಗಲು ಸವರುವವರು, ಕಮ್ಮಿ ಬಂದ ದಿನ ಅದರ ಮುಖ ನೋಡದವರು. ಫ್ಯಾಟು ಎಷ್ಟಿದ್ದರೂ ಒಳ್ಳೆಯದೇ ಎಂಬುದು ನನ್ನ ತಲೆಯಲ್ಲಿ ಮೊದಲೇ ಕೂತಿತ್ತು.

ಇನ್ನೊಂದು ಮಾತನ್ನೂ ಹೇಳಿದರು. "ಹಾಕಿದ್ದರಲ್ಲಿ ಒಂದಷ್ಟನ್ನು ಮೈಯೇ ಕರಗಿಸಿಬಿಡುತ್ತೆ. ಅದಕ್ಕೇ ಸ್ವಲ್ಪ ಹೆಚ್ಚು ಹಾಕಿರ್ತೀನಿ. ಮೊದಲು ಊತ ಇರುತ್ತೆ, ಹೆದರಬೇಡಿ. ಚೆನ್ನಾಗಿ ಊಟ ಮಾಡಲಿ, ಆರಾಮಾಗಿರಲಿ."

'ಕರಗಿಸಿಬಿಡುತ್ತೆ', 'ಚೆನ್ನಾಗಿ ಊಟ ಮಾಡಲಿ' ಎಂಬ ಎರಡು ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ. ಮಿಕ್ಕಿದ್ದೆಲ್ಲ ಮೈಸೂರಿನಲ್ಲೇ ಬಿದ್ದುಹೋಯಿತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು. ಮನೆಗೆ ಕರೆತಂದವಳೇ ನಾನು ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕಿವಿಗೆ ಬಟ್ಟೆ ಕಟ್ಟಿ, ಬಾಣಂತನ ಶುರುಮಾಡಿದೆ.

"ಅಜ್ಜಿ, ನಾನೇನ್ ಹೆತ್ತಿದ್ದೀನಾ?" ಎಂದು ಅವಳು ನಕ್ಕಳು.

"ಹೊಟ್ಟೆ ತೂತು ಮಾಡಿಸ್ಕಂಡೋಳು ಬಾಣಂತಿಯೇ ಕಣಮ್ಮಿ. ಬಾಯ್ ಮುಚ್ಕಂಡು ತಿನ್ನು."

ಕರಗುತ್ತದೆ ಎಂದರಲ್ಲ, ಕರಗಲು ಬಿಡುವವಳೇ ನಾನು! ಬೆಳಿಗ್ಗೆ ಕೊಬ್ಬರಿ, ಬೆಲ್ಲ, ಗಸಗಸೆ ಹಾಕಿದ ಅಂಟಿನುಂಡೆ. ಮಧ್ಯಾಹ್ನ ಬಿಸಿ ಅನ್ನಕ್ಕೆ ಬೆಳ್ಳುಳ್ಳಿ ಸಾರು, ಮೇಲೆ ತುಪ್ಪ. ಸಂಜೆ ಕಾಲು ಸೂಪು. ವಾರಕ್ಕೆರಡು ನಾಟಿಕೋಳಿ. ತುಪ್ಪವನ್ನು ಹೊಣಕೆರೆಯಿಂದ ನನ್ನ ತಂಗಿ ಕಳಿಸುತ್ತಿದ್ದಳು. ನಾನು ಚಮಚ ಉಪಯೋಗಿಸಿದವಳೇ ಅಲ್ಲ, ಪಾತ್ರೆಯನ್ನೇ ಬಗ್ಗಿಸುತ್ತಿದ್ದೆ. ಸೊಸೆ ಒಂದೆರಡು ಸಲ, "ಅತ್ತೆ, ಮೈ ಬತ್ತಾ ಅದೆ ಕಣತ್ತೆ ಅವ್ಳಿಗೆ" ಅಂದಳು. "ಬರ್ಲಿ ಬುಡು, ಮೈ ಬಂದ್ರೆ ಕೆನ್ನೆನೂ ಬತ್ತದೆ" ಅಂದೆ. ಅಂದಿದ್ದು ಸುಳ್ಳಾಗಲಿಲ್ಲ ನೋಡಿ, ಅದೇ ಎಡವಟ್ಟಾಯಿತು.

ಸಂಕ್ರಾಂತಿ ಹೊತ್ತಿಗೆ ಊತ ಇಳಿದು ಕೆನ್ನೆ ಎಷ್ಟು ಚೆಂದ ಕೂತಿತು ಅಂದರೆ, ಅವಳೇ ಒಂದು ರಾತ್ರಿ ಊಟಕ್ಕೆ ಗೋಡೆ ಬಿಟ್ಟು ಬಂದು ತಾತನ ಪಕ್ಕ ಕೂತಳು. ನಾನು ಅಡುಗೆ ಮನೆಗೆ ಹೋಗಿ ಕಣ್ಣೊರೆಸಿಕೊಂಡು, ಬರುವಾಗ ತುಪ್ಪ ತಂದೆ. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನಿಲ್ಲಿಸಲಿಲ್ಲ. ಈಗ ಬಿಟ್ಟರೆ ಕರಗಿಹೋಗುತ್ತದೆ ಎಂದು ಇನ್ನೂ ಹೆಚ್ಚು ತಿನ್ನಿಸಿದೆ.

ಯುಗಾದಿಯ ಹೊತ್ತಿಗೆ ಆ ಕೆನ್ನೆ ಬಲಗೆನ್ನೆಯನ್ನು ದಾಟಿ ಹೋಗಿತ್ತು. ಬಾಯಲ್ಲಿ ಉಂಡೆ ಇಟ್ಟುಕೊಂಡು ಮಾತಾಡುತ್ತಿದ್ದಾಳೇನೋ ಎಂಬಂತೆ ಕಾಣುತ್ತಿತ್ತು. ಕಣ್ಣಿನ ಕೆಳಗೂ ಉಬ್ಬಿ, ನಕ್ಕರೆ ಎಡಗಣ್ಣು ಸಣ್ಣದಾಗುತ್ತಿತ್ತು. ಮೊದಲು ಹಳ್ಳವೆಂದು ನೋಡುತ್ತಿದ್ದ ಜನ ಈಗ ದಿಣ್ಣೆಯೆಂದು ನೋಡಿದರು. ಒಂದು ಸಂಜೆ ಡೈರಿಯಲ್ಲಿ ಹಾಲು ಹಾಕಲು ಬಂದ ಒಬ್ಬ, ನಮ್ಮ ಬೀದಿಯವನೇ, ಎಲ್ಲರ ಎದುರು, "ಅಮ್ಮಿ, ನಿನ್ ಕೆನ್ನೆನೂ ಒಸಿ ಆ ಮಿಷನ್ನಿಗಿಡು, ಫ್ಯಾಟು ಎಷ್ಟ್ ಬತ್ತದೆ ನೋಡವಾ" ಅಂದನಂತೆ. ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರಂತೆ.

ಆ ದಿನ ರಾತ್ರಿ ಅವಳು ತಾತನ ಪಕ್ಕ ಕೂರಲಿಲ್ಲ. ಗೋಡೆಯ ಹತ್ತಿರವೂ ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆ ಮನೆಯೊಳಗೆ ಹೋಗಿ, ಒಲೆಯ ಕಡೆ ಮುಖ ಮಾಡಿ ಉಂಡಳು. ಮಾರನೆಯ ದಿನವೂ ಹಾಗೆಯೇ. ಗುಳಿ ಇದ್ದಾಗಲೂ ಅವಳು ನಮ್ಮ ಸಾಲಿನಲ್ಲಿ ಕೂತು ಉಂಡವಳು. ಈಗ ಸಾಲೇ ಬಿಟ್ಟಳು.

ಡಾಕ್ಟರಮ್ಮನ ಹತ್ತಿರ ನಾನೂ ಹೋದೆ. ಅವರು ಕೆನ್ನೆ ಮುಟ್ಟಿ, ಹಳೆಯ ಫೋಟೋ ತೆಗೆದು ನೋಡಿ, ಅವಳನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದರು. "ಒಂಬತ್ತು ಕೆಜಿ ಹೆಚ್ಚಾಗಿದ್ದೀಯಲ್ಲಮ್ಮ! ಏನು ತಿಂದೆ?"

ಅವಳು ತಲೆ ತಗ್ಗಿಸಿದಳು. "ಮನೆ ಊಟನೇ ಮೇಡಂ" ಅಂದಳು. ನನ್ನ ಹೆಸರು ಹೇಳಲಿಲ್ಲ, ನನ್ನ ಕಂದ. ನಾನು ಸುಮ್ಮನಿದ್ದೆನೇ? ಹೆಮ್ಮೆಯಿಂದ ಅಂಟಿನುಂಡೆಯಿಂದ ಹಿಡಿದು ಕಾಲು ಸೂಪಿನವರೆಗೆ ಎಲ್ಲ ಒಪ್ಪಿಸಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಜ್ಜಿ, ಕೆನ್ನೆಗೆ ಹಾಕಿದ್ದು ಹೊಟ್ಟೆಯ ಕೊಬ್ಬು. ಜಾಗ ಬದಲಾದರೂ ಅದು ಹೊಟ್ಟೆಯ ಬುದ್ಧಿ ಬಿಡಲ್ಲ. ಮೈ ದಪ್ಪ ಆದರೆ ಹೊಟ್ಟೆ ಹೇಗೆ ಬೆಳೆಯುತ್ತೋ ಕೆನ್ನೆಯಲ್ಲಿರೋ ಇದೂ ಹಾಗೇ ಬೆಳೆಯುತ್ತೆ."

ನನಗೆ ಒಂದು ಸಲಕ್ಕೇ ಅರ್ಥವಾಯಿತು. ನನ್ನನ್ನೇ ನೋಡಿ. ಹೊಣಕೆರೆಯಿಂದ ಈ ನಾಲೆ ನೀರಿನ ಊರಿಗೆ ಬಂದು ಐವತ್ತು ವರ್ಷದ ಮೇಲಾಯಿತು. ಸುತ್ತ ಕಬ್ಬು, ಭತ್ತ. ಆದರೂ ವಾರಕ್ಕೊಂದು ಸಲ ಹುರುಳಿಕಾಳು ಸಾರು ಮಾಡದಿದ್ದರೆ ನನಗೆ ಊಟ ಸೇರುವುದಿಲ್ಲ. ಕೊಟ್ಟ ಮನೆಯಲ್ಲಿ ಎಷ್ಟು ದಿನ ಇದ್ದರೇನು, ತವರಿನ ನಾಲಿಗೆ ಹೋಗುತ್ತದೆಯೇ? ಆ ಕೊಬ್ಬೂ ಹಾಗೆಯೇ ಅಂತೆ.

"ಅಂಗಾರೆ ನಾನೇ ಕೆಡಿಸ್ದೆ ಅನ್ನಿ" ಅಂದೆ.

"ನಿಮ್ಮೊಬ್ಬರದೇ ಅಲ್ಲ" ಎಂದರು ಆ ಪುಣ್ಯಾತ್ಗಿತ್ತಿ. "ಕರಗುತ್ತೆ ಅಂತ ನಾನೂ ಸ್ವಲ್ಪ ಹೆಚ್ಚು ಹಾಕಿದ್ದೆ. ಅಂದುಕೊಂಡಷ್ಟು ಕರಗಲಿಲ್ಲ, ಬಹುಪಾಲು ಉಳಿದುಕೊಂಡಿತು. ಅದರ ಮೇಲೆ ನೀವು ತುಪ್ಪ ಹಾಕಿದಿರಿ. ಇಬ್ಬರೂ ಸೇರಿ ತುಂಬಿಸಿದ್ದೀವಿ."

ಮೊಮ್ಮಗಳು ಈಗಲೇ ತೆಗೆದುಬಿಡಿ ಎಂದು ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಆತುರದಲ್ಲಿ ತೆಗೆದರೆ ಹೆಚ್ಚು ತೆಗೆದುಬಿಡುವ ಭಯ, ಮತ್ತೆ ಅದೇ ಗುಳಿ ಬಿದ್ದೀತು ಎಂದರು. ಕರಗಿಸುವ ಇಂಜೆಕ್ಷನ್ ಇದೆಯಂತೆ ಎಂದಾಗ, ಅದು ಎಲ್ಲಿ ಎಷ್ಟು ಕರಗಿಸುತ್ತದೆ ಎಂದು ಹೇಳಲಾಗುವುದಿಲ್ಲ, ನಿನ್ನ ಕೆನ್ನೆಗೆ ನಾನು ಕೊಡುವುದಿಲ್ಲ ಎಂದರು. ಮೊದಲು ಮೈ ಇಳಿಯಬೇಕು, ಅದರ ಜೊತೆ ಕೆನ್ನೆ ಎಷ್ಟು ಇಳಿಯುತ್ತದೋ ನೋಡಬೇಕು, ಉಳಿದದ್ದನ್ನು ಮಾತ್ರ ಸಣ್ಣ ಸೂಜಿಯಲ್ಲಿ ತೆಗೆಯಬೇಕು. ಅಲ್ಲಿಯವರೆಗೆ ಯಾರೂ ತಿಕ್ಕಬಾರದು, ಒತ್ತಬಾರದು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಲೇ ತಲೆ ನೆರೆಸಿಕೊಂಡವರು. "ಸರಿಯಾಗೇ ಹೇಳವ್ರೆ" ಅಂದರು. "ಅಚ್ಚಿಗೆ ಪಾಕ ಹೆಚ್ಚಾಗಿ ಉಬ್ಬಿ ನಿಂತ್ರೆ ಬಿಸೀಲಿ ಕತ್ತಿ ಆಡಿಸ್ಬಾರ್ದು ಕಣೆ. ಕಿತ್ಕಂಡು ಬತ್ತದೆ, ಅಚ್ಚಲ್ಲಿ ಹಳ್ಳ ಬೀಳ್ತದೆ. ಆರೋವರ್ಗೂ ಕೈ ಕಟ್ಕಂಡು ಕುಂತ್ಕಬೇಕು."

ಕೈ ಕಟ್ಟಿಕೊಂಡು ಕೂರುವುದು! ನನಗೆ ಅದೊಂದೇ ಬಾರದ ಕೆಲಸ. ಪಕ್ಕದ ಮನೆಯವಳು, ಉಪ್ಪಿನ ಶಾಖ ಕೊಟ್ಟು ಹರಳೆಣ್ಣೆ ಹಾಕಿ ಕೆಳಮುಖವಾಗಿ ನೀವಿದರೆ ಎಂಥ ಕೊಬ್ಬೂ ಇಳಿಯುತ್ತದೆ ಎಂದಳು. ನನ್ನ ಎದುರಿಗೇ ಡಾಕ್ಟರಮ್ಮ ಬೇಡ ಎಂದಿದ್ದರು. ಆದರೂ ಒಂದು ಮಧ್ಯಾಹ್ನ ಮೊಮ್ಮಗಳು ಮಲಗಿ ನಿದ್ದೆ ಹೋಗಿದ್ದಾಗ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹೋದೆ. ಬೆರಳು ತಾಗಿದ್ದೇ ತಡ ಎದ್ದು ಕೂತು ನನ್ನ ಕೈ ಹಿಡಿದಳು.

"ಗುಳಿ ಇದ್ದಾಗ್ಲೂ ನೀನೇ ತಿಕ್ದೆ. ಉಬ್ಬಿದಾಗ್ಲೂ ನೀನೇ ತಿಕ್ತೀಯ. ಒಂದ್ಸಲ, ಒಂದೇ ಒಂದ್ಸಲ, ನನ್ ಮುಖ ಅದ್ರ ಪಾಡಿಗೆ ಬುಟ್ಬುಡು ಅಜ್ಜಿ."

ಅವಳು ಕೂಗಿ ಹೇಳಲಿಲ್ಲ, ಮೆಲ್ಲಗೆ ಹೇಳಿದಳು. ನಾನು ಎಣ್ಣೆಯನ್ನು ಒಯ್ದು ದೀಪಕ್ಕೆ ಹಾಕಿದೆ. ಅತ್ತೆ ಅಂತ ನೋಡದೆ ಸೊಸೆಯೂ ಆ ದಿನ ನನಗೆ ಚೆನ್ನಾಗಿ ಬಯ್ದಳು. ಬಯ್ಯಬೇಕಾದ್ದೇ.

ಮಾರನೆಯ ದಿನ ಬೆಳಗಿನ ಹಾಲು ಮುಗಿಸಿ ಬಂದ ಅವಳು, ನಾಲೆ ಏರಿಯ ಮೇಲೆ ನಡೆಯಲು ಹೊರಟಳು. ನಾನೂ ಚಪ್ಪಲಿ ಮೆಟ್ಟಿದೆ. "ನೀನ್ಯಾಕೆ?" ಅಂದಳು. "ಕೈ ಕಟ್ಕಂಡು ಇರು ಅಂದವ್ರೆ, ಕಾಲ್ ಕಟ್ಕಂಡಿರು ಅಂದಿಲ್ವಲ್ಲ" ಅಂದೆ. ಎಷ್ಟೋ ದಿನಕ್ಕೆ ತುಟಿ ಬಿಚ್ಚಿದಳು, ಕೈ ಅಡ್ಡ ಇಟ್ಟುಕೊಂಡೇ.

ಅಂದಿನಿಂದ ದಿನಾ ನಡೆದೆವು. ಮೊದಮೊದಲು ಅವಳು ಮುಂದೆ, ನಾನು ಹಿಂದೆ. ಏರಿಯ ಮೇಲೆ ನೆಟ್ಟ ಅಳತೆ ಕಲ್ಲು ಸಿಕ್ಕಾಗಲೆಲ್ಲ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ತಿಂಗಳಾದ ಮೇಲೆ ಇಬ್ಬರೂ ಜೊತೆ ಜೊತೆ. ಏರಿಯ ಮೇಲೆ ಎದುರಾಗುವ ಕಬ್ಬಿನ ಟ್ರಾಕ್ಟರಿನವರು, "ಏನಜ್ಜಿ, ಓಟದ ಪಂದ್ಯಕ್ಕಾ?" ಎನ್ನುತ್ತಿದ್ದರು. ಊಟದ ಪಟ್ಟಿಯನ್ನು ಸೊಸೆ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದಳು: ಅರ್ಧ ಮುದ್ದೆ, ಸೊಪ್ಪಿನ ಸಾರು, ಕಾಳು, ಮಜ್ಜಿಗೆ, ತುಪ್ಪ ಒಂದೇ ಚಮಚ. ಆ ಒಂದು ಚಮಚಕ್ಕಾಗಿ ಅಕ್ಕಿ ಡಬ್ಬದೊಳಗಿಂದ ಒಂದು ಚಿಕ್ಕ ಸ್ಟೀಲು ಚಮಚ ಹುಡುಕಿ, ತುಪ್ಪದ ಪಾತ್ರೆಗೆ ದಾರದಲ್ಲಿ ಕಟ್ಟಿದೆ. ಪಾತ್ರೆ ಬಗ್ಗಿಸಲು ಹೋದರೆ ಚಮಚ ಟಣ್ ಎಂದು ಬಡಿದು ನನ್ನನ್ನು ಹಿಡಿದುಕೊಡುತ್ತಿತ್ತು. ತಂಗಿಗೆ ತುಪ್ಪ ಕಳಿಸಬೇಡ ಎಂದು ಹೇಳಲು ನಾಚಿಕೆಯಾಗಿ ಹೇಳಲಿಲ್ಲ. ಅದು ಬರುತ್ತಲೇ ಇತ್ತು. ಮೊಮ್ಮಗಳ ಪಾಲಿನದೆಲ್ಲ ಯಜಮಾನರ ತಟ್ಟೆ ಸೇರಿತು. ಅವಳ ಮೈ ಇಳಿದ ಹಾಗೆ ಅವರ ಹೊಟ್ಟೆ ಏರಿತು.

ಗೌರಿ ಹಬ್ಬದ ಹೊತ್ತಿಗೆ ಅವಳು ಹಳೆಯ ತೂಕಕ್ಕೆ ಬಂದಳು. ಕೆನ್ನೆಯೂ ಇಳಿದಿತ್ತು, ಆದರೆ ಪೂರ್ತಿ ಅಲ್ಲ. ದವಡೆಯ ಮೇಲೆ ಒಂದು ಕಡೆ ಹುಣಸೆಬೀಜದ ಗಾತ್ರದ ಗಂಟಿನ ಹಾಗೆ, ಕಣ್ಣಿನ ಕೆಳಗೆ ಒಂದಿಷ್ಟು ಉಬ್ಬು. ಹಬ್ಬ ಕಳೆದ ವಾರಕ್ಕೆ ಡಾಕ್ಟರಮ್ಮ ಅದನ್ನು ತೆಗೆಯಲು ದಿನ ಕೊಟ್ಟರು.

ಆ ದಿನ ಅವಳಿಗೆ ಪೂರ್ತಿ ಎಚ್ಚರ ತಪ್ಪಿಸಲಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಕೂರಿಸಿ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, ಕನ್ನಡಿ ಹಿಡಿದು ಅವಳಿಗೇ ತೋರಿಸಿ, "ಇಷ್ಟು ತಾನೇ?" ಎಂದು ಒಪ್ಪಿಸಿಕೊಂಡು ಒಳಗೆ ಕರೆದೊಯ್ದರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಜಾಸ್ತಿ ತೆಗೆದುಬಿಟ್ಟರೆ? ಮತ್ತೆ ಸೌಟಿನ ಹಳ್ಳ ಬಂದುಬಿಟ್ಟರೆ? ಮತ್ತೆ ಗೋಡೆ, ಮತ್ತೆ ಒಲೆ ಕಡೆ ಮುಖ? ಬೆಂಚಿನ ಮೇಲೆ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ. ನಿಜವಾಗಲೂ ಕೈ ಕಟ್ಟಿಕೊಂಡು.

ಒಂದು ಗಂಟೆಯಾಗಿರಬೇಕು. ಡಾಕ್ಟರಮ್ಮ ಬಂದು ಸಣ್ಣ ಸಿರಿಂಜು ತೋರಿಸಿದರು. ಒಳಗೆ ಹಳದಿಗೆ, ಒಂದಿಷ್ಟು ರಕ್ತ ಬೆರೆತ ಹಾಗೆ, ನಮ್ಮ ತುಪ್ಪದ ಚಮಚ ತುಂಬುವಷ್ಟೂ ಇರಲಿಲ್ಲ.

"ಇಷ್ಟೇಯಾ?" ಅಂದೆ. "ಇಷ್ಟಕ್ಕಾ ನಮ್ ಮಗೀಗೆ ಇಷ್ಟ್ ದಿನದ ಅಳು!"

"ಮುಖದಲ್ಲಿ ಇಷ್ಟೇ ಬಹಳ ಅಜ್ಜಿ. ಬೇಕಾದರೆ ಇನ್ನೊಮ್ಮೆ ತೆಗೆಯಬಹುದು. ಹೆಚ್ಚು ತೆಗೆದಿದ್ದರೆ ವಾಪಸ್ ಹಾಕಬೇಕಿತ್ತು. ಈಗ ಊತ ಬರುತ್ತೆ, ಮೂರು ತಿಂಗಳವರೆಗೆ ಹೇಗಿದೆ ಅಂತ ಯಾರೂ ಕೇಳಬಾರದು, ಹೇಳಬಾರದು" ಎಂದು ನನ್ನ ಕಡೆಯೇ ನೋಡಿ ಹೇಳಿದರು.

ಮುಖಕ್ಕೆ ಬಿಗಿಪಟ್ಟಿ ಕಟ್ಟಿಕೊಂಡು ಅವಳು ವಾರ ಕಳೆದಳು. ಕೆನ್ನೆ ಮೊದಲು ನೀಲಿಯಾಯಿತು, ಆಮೇಲೆ ಹಳದಿ, ಆಮೇಲೆ ಮೈ ಬಣ್ಣ. ನಾನು ಕೇಳಲಿಲ್ಲ, ಮುಟ್ಟಲಿಲ್ಲ, ತಿನ್ನಿಸಲಿಲ್ಲ. ಮಾತಾಡುವಾಗ ಅವಳ ಕಾಲಬೆರಳು ನೋಡಿಕೊಂಡು ಮಾತಾಡಿದೆ. ಅವಳು ಅಡುಗೆ ಮನೆಯಲ್ಲೇ ಉಣ್ಣುತ್ತಿದ್ದಳು. "ಮೂರ್ ತಿಂಗ್ಳಾಗ್ಲಿ ಅಜ್ಜಿ. ಡಾಕ್ಟ್ರು ಸರಿ ಅಂದ ದಿನ ಸಾಲಿಗೆ ಬತ್ತೀನಿ" ಎಂದಿದ್ದಳು. ಹಿಂದೆ ಒಂದು ಸಲ ಬಂದು ವಾಪಸ್ ಹೋದವಳು, ಮತ್ತೆ ಹಾಗಾಗುವುದು ಅವಳಿಗೆ ಬೇಡವಾಗಿತ್ತು. ನನಗೂ.

ಆ ದಿನ ಇವತ್ತು ಬಂತು!

ಡಾಕ್ಟರಮ್ಮ ಮೂರು ಫೋಟೋ ಸಾಲಾಗಿ ತೋರಿಸಿದರು: ಗುಳಿಯದು, ಉಬ್ಬಿನದು, ಇವತ್ತಿನದು. "ಅಳತೆ ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತೆ, ಯಾರ ಮುಖವೂ ಪೂರ್ತಿ ಸಮ ಇರಲ್ಲ. ತೂಕ ಮಾತ್ರ ಹೀಗೇ ಇರಲಿ" ಎಂದರು. ಕೂದಲೆಳೆಯಷ್ಟು ಎಲ್ಲಿದೆ ಎಂದು ನಾನು ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ.

ಊರಿಗೆ ಬರುವಾಗ ಡೈರಿಯಲ್ಲಿ ಸಂಜೆ ಹಾಲಿನ ಹೊತ್ತು. ರಜೆ ಹಾಕಿದ್ದರೂ ಅವಳು ಒಳಗೆ ಇಣುಕಿದಳು. ಫ್ಯಾಟಿನ ಮಾತಾಡಿದ್ದ ಆ ಮನುಷ್ಯ ಅಲ್ಲೇ ಕ್ಯಾನು ಹಿಡಿದು ನಿಂತಿದ್ದ. ಅವಳನ್ನು ನೋಡಿ ನೆಲ ನೋಡಿದ. ಇವಳು ಬಿಟ್ಟಾಳೆಯೇ?

"ಮಾವ, ನನ್ ಕೆನ್ನೆ ಸರಿಹೋಯ್ತು. ನಿನ್ ಹಾಲಿಗೆ ಬೀಳೋ ನೀರು ಯಾವಾಗ್ ಸರಿಹೋಗದು?"

ಇಡೀ ಡೈರಿ ಹೋ ಎಂದು ನಕ್ಕಿತು. ಅವನೂ ನಕ್ಕ, "ಗೆದ್ದೆ ಬುಡವ್ವ ನೀನು" ಅಂದ. ಮೊಮ್ಮಗಳೂ ನಕ್ಕಳು. ಎಡಗೈಯಲ್ಲಿ ಚೀಲವಿತ್ತು. ಅದು ಮೇಲೇಳಲಿಲ್ಲ. ನಾನು ಚೀಲವನ್ನೇ ನೋಡುತ್ತಿದ್ದೆ, ಅದು ಅಲುಗಲೂ ಇಲ್ಲ.

ಮನೆಗೆ ಬಂದರೆ ತಂಗಿ ಹೊಣಕೆರೆಯಿಂದ ಬಂದು ಕೂತಿದ್ದಳು, ಕಂಕುಳಲ್ಲಿ ತುಪ್ಪದ ಡಬ್ಬ! ಮಗ ಬೆಳಿಗ್ಗೆಯೇ ಫೋನು ಮಾಡಿ ಕರೆಸಿದ್ದನಂತೆ. ಸೊಸೆಯೂ ನಾನೂ ತಂಗಿಯೂ ಕೂತು ನೆನೆಹಾಕಿದ ಅವರೆಕಾಳು ಹಿಸುಕಿದೆವು. ಹಿಸುಕುತ್ತಾ ಹಿಸುಕುತ್ತಾ ನಾನು ಎಲ್ಲವನ್ನೂ ಮೊದಲಿಂದ ಹೇಳಿದೆ. "ಅಕ್ಕ, ಇದ್ನ ಮೂರ್ನೇ ಸಲ ಹೇಳ್ತಿದ್ದೀಯ" ಎಂದಳು ತಂಗಿ. "ನಾಕ್ನೇ ಸಲಾನೂ ಕೇಳು" ಅಂದೆ.

ರಾತ್ರಿ ನಡುಮನೆಯಲ್ಲಿ ತಟ್ಟೆ ಹಾಕಿದೆವು. ಹಿತಕಿದಬೇಳೆ ಸಾರು, ರಾಗಿಮುದ್ದೆ, ಅನ್ನ. ಯಜಮಾನರು, ಮಗ, ತಂಗಿ ಕೂತರು. ಸೊಸೆಗೂ ಇವತ್ತು ಜೊತೆಗೇ ಕೂರು ಎಂದೆ. ಮೊಮ್ಮಗಳು ಅಡುಗೆ ಮನೆಯಿಂದ ತನ್ನ ತಟ್ಟೆ ಹಿಡಿದು ಬಂದಳು. ಗೋಡೆಯ ಹತ್ತಿರ ಜಾಗ ಖಾಲಿ ಇತ್ತು, ಎಣ್ಣೆ ಕಲೆ ಕಾಣುತ್ತಿತ್ತು. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು, ಅವಳ ಕಡೆ ನೋಡದ ಹಾಗೆ.

ಅವಳು ತಾತನ ಭುಜ ತಟ್ಟಿ, "ಒಸಿ ಅತ್ಲಾಗ್ ಜರುಗು ತಾತ, ನಿನ್ ಹೊಟ್ಟೇಗೇ ಎರಡಾಳಿನ್ ಜಾಗ ಬೇಕು" ಅಂದಳು. ತಾತ ಜರುಗಿದರು. ಅಪ್ಪನಿಗೂ ತಾತನಿಗೂ ನಡುವೆ, ದೀಪದ ಬೆಳಕಿಗೆ ನೇರವಾಗಿ, ನನ್ನ ಎದುರಿಗೇ ಕೂತಳು. ನಾನು ಮುದ್ದೆ ಇಕ್ಕಿದೆ, ಸಾರು ಬಿಟ್ಟೆ, ತುಪ್ಪದ ಪಾತ್ರೆ ಮುಟ್ಟಲೇ ಇಲ್ಲ.

"ಅಜ್ಜಿ, ತುಪ್ಪ ಎಲ್ಲಿ?" ಅಂದಳು ಅವಳೇ.

ದಾರ ಕಟ್ಟಿದ ಚಮಚದಲ್ಲಿ ಒಂದು ಚಮಚ, ಹೆಚ್ಚಾದದ್ದನ್ನು ಪಾತ್ರೆಯ ಅಂಚಿಗೆ ಸವರಿ ಸಮ ಮಾಡಿ, ಅವಳ ಸಾರಿನ ಮೇಲೆ ಬಿಟ್ಟೆ. ತಂಗಿ ಕಣ್ಣರಳಿಸಿ, "ಇದೇನಕ್ಕ, ಔಷ್ದಿ ಹಾಕ್ದಂಗೆ ಹಾಕ್ತೀಯಾ, ನಾನ್ ಡಬ್ಬ ಹೊತ್ಕಂಡ್ ಬಂದಿರೋದು ಇದ್ಕಾ?" ಅಂದಳು. ಯಜಮಾನರು ಮೆಲ್ಲಗೆ ತಮ್ಮ ತಟ್ಟೆ ಮುಂದಕ್ಕೆ ತಳ್ಳಿದರು. "ನಿಂಗೂ ಒಂದೇ ಚಮ್ಚ ತಾತ, ಇಲ್ದಿದ್ರೆ ನಿನ್ನೂ ಮೈಸೂರ್ಗೆ ಕರ್ಕಂಡೋಗ್ಬೇಕಾಯ್ತದೆ" ಎಂದು ಮೊಮ್ಮಗಳು ಅವರ ತಟ್ಟೆಯನ್ನು ವಾಪಸ್ ಎಳೆದಳು. ಮಗ ನಕ್ಕು ಸಾರು ನೆತ್ತಿಗೇರಿಸಿಕೊಂಡ, ಸೊಸೆ ಅವನ ಬೆನ್ನು ತಟ್ಟಿದಳು. ನಾನು ಎರಡನೇ ಮುದ್ದೆ ಮುರಿದೆ, ಎಲ್ಲರೂ ಇನ್ನೊಂದು ಸೌಟು ಸಾರಿಗೆ ತಟ್ಟೆ ಹಿಡಿದರು.